ಇಂಗ್ಲಿಷ್ ಪಾಠಕ್ಕೆ ನಾನು ಏನೇನು ಬಳಸುತ್ತೇನೆ, ಹೇಗೆ ಬಳಸುತ್ತೇನೆ

ಇಂಗ್ಲಿಷ್ ಕಲಿಸಲು ಹೊರಟವರು ಮೊದಲು ಮಾಡುವ ಕೆಲಸ ವರ್ಕ್‌ಶೀಟ್ ಹುಡುಕುವುದು. ಒಂದು ಗಂಟೆ ಕೂತರೆ ಫೋನು ತುಂಬುವಷ್ಟು ಪಿಡಿಎಫ್ ಸಿಗುತ್ತವೆ. ನಾಳೆ ಯಾವ ಪದ ಕಲಿಸಬೇಕು ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿದಿರುತ್ತದೆ. ನಾನು ಪಾಠ ಹೇಳುವುದು ಹೆಚ್ಚಾಗಿ ದೊಡ್ಡವರಿಗೆ. ತಮ್ಮ ಭಾಷೆಯಲ್ಲಿ ಓದು ಬರಹ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಈಗಷ್ಟೇ ಶುರು, ಅಂಥವರಿಗೆ. ಒಂದು ಪದಪಟ್ಟಿ, ಒಂದು ಡಿಕ್ಷನರಿ, ಅವರ ಮಟ್ಟಕ್ಕೆ ಹೊಂದುವ ಒಂದಷ್ಟು ಓದು ಇದ್ದರೆ ನನಗೆ ಸಾಕು. ಪದ, ಓದು, ಬರಹ ಮೂರನ್ನೂ ಒಂದೇ ಪುಟದಿಂದ ತೆಗೆಯುವುದು ನನ್ನ ರೂಢಿ.

ಮೊದಲು ಪದಪಟ್ಟಿ. ಹೆಚ್ಚು ಬಳಕೆಯಲ್ಲಿರುವ ಸುಮಾರು 2000 ಪದಗಳನ್ನು ಮೈಕೆಲ್ ವೆಸ್ಟ್ 1953ರಲ್ಲೇ ಜನರಲ್ ಸರ್ವಿಸ್ ಲಿಸ್ಟ್ ಅಂತ ಪ್ರಕಟಿಸಿದ್ದರು. ಅದು ಈಗ ಹಳೆಯದಾಗಿದೆ. 2013ರಲ್ಲಿ ಬಂದ ನ್ಯೂ ಜನರಲ್ ಸರ್ವಿಸ್ ಲಿಸ್ಟ್‌ನಲ್ಲಿ ಸುಮಾರು 2800 ಪದಗಳಿವೆ. ಸಾಮಾನ್ಯ ಇಂಗ್ಲಿಷ್ ಬರಹದ ಶೇಕಡಾ 92ರಷ್ಟು ಈ ಪದಗಳಲ್ಲೇ ಮುಗಿಯುತ್ತದೆ ಅಂತ ಅದನ್ನು ಮಾಡಿದವರು ಹೇಳುತ್ತಾರೆ. ಉಚಿತವಾಗಿ ಇಳಿಸಿಕೊಳ್ಳಬಹುದು. ಆಕ್ಸ್‌ಫರ್ಡ್ 3000 ಪಟ್ಟಿಯೂ ಚೆನ್ನಾಗಿದೆ, ಅದರಲ್ಲಿ ಪ್ರತಿ ಪದದ ಪಕ್ಕ ಎ1, ಎ2, ಬಿ1, ಬಿ2 ಅಂತ ಭಾಷಾ ಮಟ್ಟ ಹಾಕಿದ್ದಾರೆ, ಎ1 ಅಂದರೆ ಎಲ್ಲಕ್ಕಿಂತ ಸುಲಭದ್ದು. ಹೊಸಬರಿಗೆ ಎ1 ಪದಗಳ ಆಚೆ ಹೋಗುವ ಅಗತ್ಯವಿಲ್ಲ. ಕಾಲೇಜು ಪುಸ್ತಕ ಓದಬೇಕಾದವರಿಗೆ ಮಾತ್ರ ಅವೆರಿಲ್ ಕಾಕ್ಸ್‌ಹೆಡ್ ಅವರ 570 ಪದ ಕುಟುಂಬಗಳ (ಒಂದು ಪದ, ಅದರಿಂದ ಹುಟ್ಟುವ ರೂಪಗಳು ಸೇರಿ ಒಂದು ಕುಟುಂಬ) ಅಕಾಡೆಮಿಕ್ ವರ್ಡ್ ಲಿಸ್ಟ್.

ಪಟ್ಟಿ ಇರುವುದು ನಿಮಗೆ, ಕಲಿಯುವವರಿಗಲ್ಲ. ಅದನ್ನು ಕೈಗೆ ಕೊಟ್ಟು ಬಾಯಿಪಾಠ ಮಾಡಿ ಅನ್ನಬೇಡಿ. ಯಾವ ಪದಕ್ಕೆ ಸಮಯ ಕೊಡಬೇಕು, ಯಾವುದನ್ನು ಸುಮ್ನೆ ಅರ್ಥ ಹೇಳಿ ಮುಂದಕ್ಕೆ ಹೋಗಬೇಕು ಅಂತ ತೀರ್ಮಾನಿಸುವುದಕ್ಕೆ ಅದು ಬೇಕು.

ಇನ್ನೊಂದು ಮಾತು. ಬಣ್ಣಗಳೆಲ್ಲ ಒಂದು ದಿನ, ವಾರದ ಹೆಸರುಗಳೆಲ್ಲ ಒಂದು ದಿನ ಅಂತ ಗುಂಪು ಗುಂಪಾಗಿ ಕಲಿಸುವುದು ಚಂದ ಕಾಣುತ್ತದೆ, ಬಹಳ ಪಠ್ಯಪುಸ್ತಕಗಳೂ ಹಾಗೇ ಇವೆ. ಆದರೆ ಒಂದೇ ಜಾತಿಯ ಹೊಸ ಪದಗಳು ಒಟ್ಟಿಗೆ ಬಂದರೆ ಒಂದಕ್ಕೊಂದು ಕಲಸಿಹೋಗುತ್ತವೆ. ಲೆಫ್ಟ್, ರೈಟ್ ಎರಡನ್ನೂ ಒಂದೇ ದಿನ ಕಲಿಸಿ ನೋಡಿ, ಮರುದಿನ ಅರ್ಧ ಜನ ತಿರುಗಾ ಮುರುಗಾ ಹೇಳುತ್ತಾರೆ. ನಾನು ಮೊದಲು ಲೆಫ್ಟ್ ಮಾತ್ರ ಕಲಿಸುತ್ತೇನೆ. ಅದು ಗಟ್ಟಿಯಾದ ಮೇಲೆ ರೈಟ್. ಒಂದು ಕಥೆಯಲ್ಲಿ ಒಟ್ಟಿಗೆ ಬರುವ ಬೇರೆ ಬೇರೆ ಜಾತಿಯ ಪದಗಳು, ಅಂದರೆ ಬಾಗಿಲು, ತಳ್ಳು, ಭಾರ, ನಿಧಾನ ಇಂಥವಕ್ಕೆ ಇಂಗ್ಲಿಷಿನಲ್ಲಿ ಏನು ಅನ್ನುವುದು ಬೇಗ ನೆನಪಿನಲ್ಲಿ ಕೂರುತ್ತದೆ.

ಈಗ ಓದು. ನನ್ನ ಹೆಚ್ಚಿನ ಸಮಯ ಹೋಗುವುದು ಇದರ ಆಯ್ಕೆಗೇ. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಶೇಕಡಾ 98ರಷ್ಟು ಪದ ಗೊತ್ತಿರಬೇಕು ಅನ್ನುವುದು ಪದಕಲಿಕೆಯ ಸಂಶೋಧಕ ಪಾಲ್ ನೇಶನ್ ಅವರ ಲೆಕ್ಕ. ಅಂದರೆ ನೂರು ಪದಕ್ಕೆ ಎರಡೇ ಹೊಸತು! ಹಾಗಾಗಿ ನೂರು ಪದದ ಒಂದು ತುಣುಕು ಕೊಟ್ಟು, ಗೊತ್ತಿಲ್ಲದ ಪದಕ್ಕೆ ಗೆರೆ ಹಾಕಿ ಅನ್ನಿ. ಗೆರೆ ಒಂದೆರಡು ಬಂದರೆ ಅದು ಮನೆಯಲ್ಲಿ ಓದುವ ಪುಸ್ತಕ. ನಾಲ್ಕೈದು ಬಂದರೆ ನಿಮ್ಮ ಜೊತೆ ಕೂತು ಓದುವಂಥದ್ದು. ಹತ್ತು ದಾಟಿದರೆ ಎತ್ತಿಡಿ, ಎಷ್ಟೇ ಒಳ್ಳೆಯ ಕಥೆ ಆಗಿರಲಿ.

ನೀವೇ ಮೊದಲು ಪರೀಕ್ಷಿಸಬೇಕು ಅಂದರೆ ಲೆಕ್ಸ್‌ಟ್ಯೂಟರ್ ವೆಬ್‌ಸೈಟಿನಲ್ಲಿ ವೊಕ್ಯಾಬ್‌ಪ್ರೊಫೈಲ್ ಅಂತ ಇದೆ. ನೋಡಲು ಹಳೇ ಕಾಲದ ಹಾಗಿದೆ, ಹೆದರಬೇಡಿ. ಬರಹವನ್ನು ಅಲ್ಲಿ ಅಂಟಿಸಿದರೆ ಅತಿ ಹೆಚ್ಚು ಬಳಕೆಯ ಮೊದಲ ಸಾವಿರದ ಪದಗಳು ಒಂದು ಬಣ್ಣ, ಎರಡನೇ ಸಾವಿರದವು ಇನ್ನೊಂದು ಬಣ್ಣ, ಅಪರೂಪದವು ಮತ್ತೊಂದು. ಕಷ್ಟದ ಪದ ಕಣ್ಣಿಗೆ ಹೊಡೆಯುತ್ತದೆ. ಅದನ್ನು ಬದಲಿಸಬೇಕೋ ಮೊದಲೇ ಕಲಿಸಬೇಕೋ ನೀವು ನೋಡಿಕೊಳ್ಳಿ.

ಓದು ಎಲ್ಲಿಂದ? ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ನಾಲ್ಕು ಹಂತದ ಕಥೆಗಳಿವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆದು ಹಂಚಬಹುದು. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಕಥೆ ಮೊದಲೇ ಗೊತ್ತಿದ್ದರೆ ಹೊಸ ಭಾಷೆಯ ಓದು ಎಷ್ಟು ಹಗುರ ಆಗುತ್ತದೆ ಅಲ್ವಾ! ಆದರೆ ಕೆಲವು ದೊಡ್ಡವರಿಗೆ ಮಕ್ಕಳ ಕಥೆ ಅಂದರೆ ಮುಜುಗರ. ಅವರಿಗೆ ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಒಳ್ಳೆಯದು. ಅಲ್ಲಿ ಎ1 ಮಟ್ಟದಲ್ಲೇ ಕೆಲಸದ ಮೆಸೇಜು, ಪೋಸ್ಟರ್ ಇಂಥವು ಸಿಗುತ್ತವೆ. ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ ಇನ್ನೊಂದು ದಾರಿ. ಸ್ವಯಂಸೇವಕರು ಬರೆಯುವುದರಿಂದ ಅಲ್ಲಿ ಒಂದು ಪುಟ ಸುಲಭ, ಮುಂದಿನದು ಕಬ್ಬಿಣದ ಕಡಲೆ. ಲೈಬ್ರರಿ ಇದ್ದರೆ ಗ್ರೇಡೆಡ್ ರೀಡರ್, ಅಂದರೆ ಕಲಿಯುವವರ ಮಟ್ಟಕ್ಕೆ ತಕ್ಕ ಹಾಗೆ ಸರಳ ಮಾಡಿದ ಪುಸ್ತಕ, ಕೇಳಿ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿಯ ಸ್ಟಾರ್ಟರ್ ಪುಸ್ತಕಗಳಲ್ಲಿ ಬರೀ 250 ಮೂಲಪದ, ಮೊದಲ ಹಂತದಲ್ಲಿ 400, ಆರನೇ ಹಂತಕ್ಕೆ ಬರುವ ಹೊತ್ತಿಗೆ 2500.

ಡಿಕ್ಷನರಿ ಅಂದರೆ ಲರ್ನರ್ಸ್ ಡಿಕ್ಷನರಿಯೇ, ಅಂದರೆ ಭಾಷೆ ಕಲಿಯುವವರಿಗಾಗಿಯೇ ಮಾಡಿದ್ದೇ, ಆಗಬೇಕು. ಲಾಂಗ್‌ಮನ್‌ನದ್ದು ಸುಮಾರು 2000 ಸರಳ ಪದಗಳಲ್ಲೇ ಎಲ್ಲ ಅರ್ಥ ಹೇಳುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನವೂ ಆನ್‌ಲೈನ್‌ನಲ್ಲಿ ಉಚಿತ. ಹಾಗಂತ ಕನ್ನಡ ಅರ್ಥ ಹೇಳಲೇಬಾರದು ಅನ್ನುವ ಶಿಸ್ತು ನನಗೆ ಒಪ್ಪಿಗೆಯಿಲ್ಲ. ಒಂದು ಪದದ ಅರ್ಥ ಅಭಿನಯಿಸಿ ತೋರಿಸುತ್ತಾ ಐದು ನಿಮಿಷ ಕಳೆಯುವ ಬದಲು ಕನ್ನಡದಲ್ಲಿ ಹೇಳಿಬಿಡಿ. ಉಳಿದ ಸಮಯದಲ್ಲಿ ಆ ಪದ ಯಾವ ಪದದ ಜೊತೆ ಕೂರುತ್ತದೆ ಅಂತ ಡಿಕ್ಷನರಿಯ ಉದಾಹರಣೆಗಳಲ್ಲಿ ಹುಡುಕಿಸಿ.

ಓದಿದ ಪುಟದಿಂದ ಆರೇಳು ಪದ ಆರಿಸಿ ಕಾರ್ಡ್ ಮಾಡಿಸಿ. ಒಂದು ಕಡೆ ಆ ಪದ ಇರುವ ವಾಕ್ಯ, ಹಿಂದೆ ಅರ್ಥ. ಇಂಥ ಕಾರ್ಡ್‌ಗಳನ್ನು ಮತ್ತೆ ಮತ್ತೆ ತೋರಿಸುವ ಆ್ಯಂಕಿ ಆ್ಯಪ್ ಕಂಪ್ಯೂಟರಿನಲ್ಲೂ ಆ್ಯಂಡ್ರಾಯ್ಡ್‌ನಲ್ಲೂ ಉಚಿತ, ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಕಾಗದದ ಕಾರ್ಡೂ ನಡೆಯುತ್ತದೆ. ಗೊತ್ತಿದ್ದದ್ದನ್ನು ಹಿಂದಕ್ಕೆ ಹಾಕಿ, ತಪ್ಪಿದ್ದನ್ನು ನಾಳೆಗೆ ಮುಂದೆ ಇಡಿ. ಬೇರೆಯವರು ಮಾಡಿಟ್ಟ ಐದು ಸಾವಿರ ಪದದ ಕಾರ್ಡ್ ರಾಶಿ ಮಾತ್ರ ಬೇಡ. ಎಲ್ಲೂ ಓದದ ಪದ ಅಲ್ಲಿ ಬರೀ ಅಕ್ಷರ.

ಬರಹಕ್ಕೆ ನನ್ನ ಅಚ್ಚುಮೆಚ್ಚಿನದು ಡಿಕ್ಟೊಗ್ಲಾಸ್. ಉಕ್ತಲೇಖನಕ್ಕೆ ಹತ್ತಿರದ್ದು, ಆದರೆ ಅದಲ್ಲ. ಅದೇ ಪುಟದ ನಾಲ್ಕೈದು ವಾಕ್ಯಗಳನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದಿ. ಮೊದಲ ಸಲ ಪೆನ್ನು ಕೆಳಗಿರಲಿ. ಎರಡನೇ ಸಲ ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳಲಿ. ಆಮೇಲೆ ಇಬ್ಬಿಬ್ಬರು ಸೇರಿ ಆ ತುಣುಕನ್ನು ಮತ್ತೆ ಕಟ್ಟಬೇಕು. ಅಲ್ಲಿ ಎ ಬೇಕಾ ದಿ ಬೇಕಾ, ಗೋ ಅಂದರಾ ವೆಂಟ್ ಅಂದರಾ ಅಂತ ಜಗಳ ಶುರುವಾಗುತ್ತದೆ. ನೀವು ಬಾಯಿ ಹಾಕಬೇಡಿ. ವ್ಯಾಕರಣ ಪಾಠ ಅಲ್ಲೇ ನಡೆಯುತ್ತಿರುತ್ತದೆ. ಕೊನೆಗೆ ಮೂಲ ಕೊಟ್ಟು ಹೋಲಿಸಲು ಹೇಳಿ. ಮುಂದಿನ ಪಾಠದಲ್ಲಿ ಅದನ್ನೇ ಐ ಬದಲು ಶೀ ಹಾಕಿ ಬರೆಯಲಿ, ವರ್ತಮಾನಕಾಲದ ಹೆಚ್ಚಿನ ಕ್ರಿಯಾಪದಗಳು ಬದಲಾಗುತ್ತವೆ. ಅದಾದ ಮೇಲೆ ತಮ್ಮದೇ ವಿಷಯಕ್ಕೆ ಐದು ವಾಕ್ಯ, ಕಾರ್ಡಿನ ಮೂರು ಪದ ಬಳಸಿ.

ತಿದ್ದುವಾಗ ಕೈ ಹಿಡಿತದಲ್ಲಿರಲಿ. ಒಂದು ಸಲಕ್ಕೆ ಒಂದೆರಡು ಬಗೆಯ ತಪ್ಪು ಸಾಕು. ತಪ್ಪಿರುವ ಕಡೆ ಗೆರೆ ಹಾಕಿ, ಸರಿ ಉತ್ತರ ಬರೆಯಬೇಡಿ. ಕೇಂಬ್ರಿಡ್ಜ್‌ನ ರೈಟ್ ಆ್ಯಂಡ್ ಇಂಪ್ರೂವ್ ಉಚಿತವಾಗಿ ತಪ್ಪಿನ ಜಾಗ ತೋರಿಸಿ ಮಟ್ಟವನ್ನೂ ಅಂದಾಜು ಹೇಳುತ್ತದೆ, ಮನೆಯಲ್ಲಿ ಬರೆಯುವವರಿಗೆ ಅನುಕೂಲ. ಚಾಟ್‌ಬಾಟ್‌ಗೆ ಕೊಟ್ಟರೆ ಇಡೀ ಪ್ಯಾರಾವನ್ನೇ ನುಣ್ಣಗೆ ಮಾಡಿ ಕೊಡುತ್ತದೆ. ಬರೆದವರಿಗೆ ತಮ್ಮ ವಾಕ್ಯ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಅದನ್ನು ನಾನು ಬಳಸುವುದು ನನ್ನ ಕೆಲಸಕ್ಕೆ ಮಾತ್ರ: ಈ ಆರು ಪದ ಬರುವ ಹಾಗೆ ಎ1 ಮಟ್ಟದ ಒಂದು ಸಣ್ಣ ತುಣುಕು ಬರೆದುಕೊಡು ಅಂತ ಕೇಳುತ್ತೇನೆ. ಬಂದದ್ದನ್ನು ನೇರವಾಗಿ ತರಗತಿಗೆ ಒಯ್ಯುವುದಿಲ್ಲ. ಮೊದಲು ವೊಕ್ಯಾಬ್‌ಪ್ರೊಫೈಲ್‌ನಲ್ಲಿ ಹಾಕಿ ನೋಡುತ್ತೇನೆ. ಎ1 ಅಂತ ಹೇಳಿದರೂ ಕಷ್ಟದ ಪದ ಒಂದೆರಡು ನುಸುಳಿರುತ್ತವೆ.