ಯುದ್ಧಕಾಲದ ಎರಕಮನೆಯ ಕೆಲಸದ ಕ್ರಮ: ಹೊಸ ಮೋಲ್ಡರ್‌ಗಳಿಗೆ ಒಂದು ಕೈಪಿಡಿ

ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜ ಕಡೆಯ ನಮ್ಮ ಕನ್ನಡದ ಹುಡುಗರು ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾಂವ ಅಥವಾ ಕಾಗಲದ ಫೌಂಡ್ರಿಗೆ (ಎರಕಮನೆಗೆ) ಸೇರಿದಾಗ ಕೈಗೆ ಅಚ್ಚಿನ ಮರಳು ಬಡಿಯುವ ರ‍್ಯಾಮರ್ ಬೇಗ ಬರುತ್ತದೆ, ಆದರೆ ಮರಳನ್ನು ಇಷ್ಟೇ ಏಕೆ ಬಡಿಯಬೇಕು ಎಂಬ ತಿಳಿವಳಿಕೆ ಬರಲು ವರ್ಷಗಳು ಹಿಡಿಯುತ್ತವೆ. ಮರಾಠಿಯವರ 'ಬೀಡ'ವೂ ನಮ್ಮ 'ಬೀಡು' ಕಬ್ಬಿಣವೂ ಒಂದೇ ಆದ್ದರಿಂದ ಭಾಷೆ ಅಂಥ ಅಡ್ಡಿಯಲ್ಲ. ಕ್ರಮವಾಗಿ ಕಲಿಸುವವರಿಲ್ಲದಿರುವುದೇ ಅಡ್ಡಿ. ಎರಡು ಮಹಾಯುದ್ಧಗಳ ಕಾಲದಲ್ಲಿ ಇದೇ ಕಷ್ಟ ಎಷ್ಟೋ ದೇಶಗಳ ಕಾರ್ಖಾನೆಗಳಿಗೆ ಒಮ್ಮೆಲೇ ಎದುರಾಯಿತು. ನುರಿತವರು ರಣರಂಗಕ್ಕೆ ಹೋದರು, ಎರಕವನ್ನೇ ಕಾಣದ ಗಂಡಸರೂ ಹೆಂಗಸರೂ ಅವರ ಜಾಗಕ್ಕೆ ಬಂದರು, ಪಿಗ್ ಐರನ್ (ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ) ಮತ್ತು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಸಾಲದಾದವು. ಆಗ ಕೆಟ್ಟುಹೋದ ಒಂದೊಂದು ಎರಕವೂ ಲೋಹ, ಇಂಧನ, ದುಡಿಮೆ ಮೂರನ್ನೂ ಒಟ್ಟಿಗೆ ನುಂಗುತ್ತಿತ್ತು. ಆ ಕಾಲದಲ್ಲಿ ಬಲಗೊಂಡ ಶಿಸ್ತನ್ನು ನಮ್ಮ ಭಾಗದ ಕಬ್ಬಿನ ಗಾಣಕ್ಕೆ ಬೇಕಾದ 300 ಮಿ.ಮೀ. ವ್ಯಾಸದ ಒಂದು ಬೀಡಿನ ಪುಲ್ಲಿಯ ಮೂಲಕ ವಿವರಿಸುತ್ತೇನೆ.

ಕೆಲಸ ಗುಜರಿಯಿಂದ ಮೊದಲಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನವರು ಉದ್ಯಾನಗಳ ಕಬ್ಬಿಣದ ಬೇಲಿಯನ್ನೂ ಕಿತ್ತು ಗುಜರಿಗೆ ಸೇರಿಸಿದರು. ಆದರೆ ಕೂಡಿಹಾಕಿದ ಮಾತ್ರಕ್ಕೆ ಗುಜರಿ ಎರಕಕ್ಕೆ ಒದಗುವುದಿಲ್ಲ, ಅದನ್ನು ವಿಂಗಡಿಸಬೇಕು. ಒಂದು ತುಂಡನ್ನು ಒಡೆದು ನೋಡಿರಿ. ಮುರಿದ ಮುಖ ಬೂದು ಬಣ್ಣದ್ದಾಗಿದ್ದರೆ ಅದು ಪುಲ್ಲಿಗೆ ತಕ್ಕ ಬೀಡು. ಬೆಳ್ಳಗೆ ಹೊಳೆದರೆ ಅದು ಗಡುಸು ಬೀಡು, ಬೇರೆ ಇಡಬೇಕು. ಸತು ಬಳಿದ ತಗಡನ್ನೂ ಸೀಸ ಅಂಟಿದ ತುಂಡನ್ನೂ ತೆಗೆದುಹಾಕಬೇಕು. ಎರಡೂ ಬದಿ ಮುಚ್ಚಿದ ಕೊಳವೆ, ಶಾಕ್ ಅಬ್ಸಾರ್ಬರ್, ನೀರು ನಿಂತ ಪೊಳ್ಳು ತುಂಡು ಭಟ್ಟಿಯಲ್ಲಿ ಸಿಡಿಯುತ್ತವೆ. ಹಳೆಯ ಮದ್ದುಗುಂಡಿನ ಚಿಪ್ಪು ಗುಜರಿಯಲ್ಲಿ ಕಂಡರೆ, ಅದು ಖಾಲಿಯಂತೆ ತೋರಿದರೂ ಮುಟ್ಟದೆ ಎಲ್ಲರನ್ನೂ ದೂರ ಸರಿಸಿ ಪೊಲೀಸರಿಗೆ ತಿಳಿಸಬೇಕು.

ಭಟ್ಟಿಗೆ ಹಾಕುವ ಲೋಹದ ಮಿಶ್ರಣವನ್ನು, ಅಂದರೆ ಚಾರ್ಜನ್ನು, ಅಂದಾಜಿನ ಮೇಲೆ ಬಿಡದೆ ಲೆಕ್ಕ ಹಾಕಬೇಕು. 100 ಕಿಲೋ ಚಾರ್ಜಿನಲ್ಲಿ 2.5 ಶೇಕಡಾ ಸಿಲಿಕಾನ್ (ಬೀಡು ಗಡುಸಾಗದಂತೆ ನೋಡಿಕೊಳ್ಳುವ ಅಂಶ) ಇರುವ ಪಿಗ್ ಐರನ್ 60 ಕಿಲೋ, 1.8 ಶೇಕಡಾ ಇರುವ ಗುಜರಿ 40 ಕಿಲೋ ಇದೆಯೆನ್ನಿ. ಮೊದಲನೆಯದರಿಂದ 1.5, ಎರಡನೆಯದರಿಂದ 0.72, ಒಟ್ಟು 2.22 ಕಿಲೋ ಸಿಲಿಕಾನ್ ದೊರೆಯುತ್ತದೆ. ಕುಪೋಲಾದಲ್ಲಿ (ಕೋಕ್ ಉರಿಸಿ ಬೀಡು ಕರಗಿಸುವ ಭಟ್ಟಿಯಲ್ಲಿ) ಸುಮಾರು ಹತ್ತರಲ್ಲೊಂದು ಪಾಲು ಉರಿದುಹೋಗುವುದರಿಂದ, ಕರಗಿದ ಲೋಹವನ್ನು ಹೊತ್ತೊಯ್ಯುವ ಪಾತ್ರೆಯಾದ ಲ್ಯಾಡಲ್‌ಗೆ ಇಳಿಯುವ ಬೀಡಿನಲ್ಲಿ 2 ಶೇಕಡಾ ಉಳಿಯುತ್ತದೆ. ಪುಲ್ಲಿಗೆ ಅಷ್ಟು ಸಾಕು. ಬೆಣೆಯಾಕಾರದ ಚಿಕ್ಕ ತುಂಡೊಂದನ್ನು ಹೊಯ್ದು, ಆರಿಸಿ, ಒಡೆದು ನೋಡಿದರೆ ತುದಿಯಲ್ಲಿ ಎಷ್ಟು ಆಳದವರೆಗೆ ಬಿಳುಪಾಗಿದೆ ಎಂಬುದು ಕಾಣುತ್ತದೆ. ಬಿಳುಪು ಹೆಚ್ಚಿದ್ದರೆ ಪುಲ್ಲಿಯ ನಡುವಿನಿಂದ ಅಂಚಿಗೆ ಹೋಗುವ ತೆಳ್ಳನೆಯ ಕಡ್ಡಿಗಳು ಗಡುಸಾಗಿ ಲೇಥಿಗೆ ಬಗ್ಗುವುದಿಲ್ಲ. ಕೊರತೆ ಹೊಸದನ್ನು ಕಲಿಸಿದ್ದೂ ಉಂಟು. ಯುದ್ಧದಿಂದ ಕ್ರೋಮಿಯಂ ಸಿಗದಾದಾಗ ಅದಕ್ಕೆ ಬದಲಿ ಹುಡುಕುತ್ತಿದ್ದ ಅಮೆರಿಕದ ಕೀತ್ ಮಿಲಿಸ್ 1943ರಲ್ಲಿ ಬೀಡಿಗೆ ಮೆಗ್ನೀಸಿಯಂ ಬೆರೆಸಿ ನೋಡಿದರು, ಒಳಗಿನ ಗ್ರಾಫೈಟ್ ಎಳೆಗಳಾಗದೆ ಗೋಲಿಗಳಾಯಿತು. ಇಂದು ನಮ್ಮ ಹುಡುಗರು ಹೊಯ್ಯುವ ಎಸ್.ಜಿ. ಐರನ್ (ಗೋಲಿ ಗ್ರಾಫೈಟಿನ ಬೀಡು) ಹುಟ್ಟಿದ್ದು ಹೀಗೆ.

ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸಲು ಬಳಸುವ ಮಾದರಿಯ ಅಳತೆ ಸುಲಭ. ಬೀಡು ತಣಿಯುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುತ್ತದೆ. 300 ಮಿ.ಮೀ. ಪುಲ್ಲಿಗೆ ಲೇಥಿನ ಕೆಲಸಕ್ಕೆಂದು ಎರಡೂ ಬದಿ 3 ಮಿ.ಮೀ. ಸೇರಿಸಿದರೆ 306, ಅದಕ್ಕೆ ಕುಗ್ಗುವ ಪಾಲು ಸೇರಿಸಿದರೆ 309 ಮಿ.ಮೀ. ಆಗುತ್ತದೆ.

ಮರಳಿನ ವಿಷಯದಲ್ಲಿ ಮಾತ್ರ ಅವಸರ ಬೇಡ, ಏಕೆಂದರೆ ನಾನು ಕಂಡ ಕೆಟ್ಟ ಎರಕಗಳಲ್ಲಿ ಬಹುಪಾಲು ಕೆಟ್ಟದ್ದು ಮರಳಿನಿಂದಲೇ. ಹಸಿ ಮರಳಿನ ಅಚ್ಚಿಗೆ ಸಿಲಿಕಾ ಮರಳಿನೊಡನೆ 6ರಿಂದ 8 ಶೇಕಡಾ ಬೆಂಟೊನೈಟ್ (ಮರಳನ್ನು ಹಿಡಿದಿಡುವ ಜೇಡಿಮಣ್ಣು), 3ರಿಂದ 4.5 ಶೇಕಡಾ ನೀರು, ಸ್ವಲ್ಪ ಕಲ್ಲಿದ್ದಲಿನ ಪುಡಿ ಬೇಕು. ಪ್ರಯೋಗಾಲಯ ಹತ್ತಿರವಿಲ್ಲದಿದ್ದರೆ ಕೈಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಹಿಡಿ ಮರಳನ್ನು ಬಿಗಿಯಾಗಿ ಹಿಸುಕಿ ಬಿಡಿರಿ. ಬೆರಳಿನ ಗುರುತು ಅಚ್ಚೊತ್ತಿದಂತೆ ಉಳಿಯಬೇಕು, ಅಂಗೈಗೆ ಒದ್ದೆ ಹತ್ತಬಾರದು. ಉಂಡೆಯನ್ನು ಎರಡಾಗಿ ಮುರಿದಾಗ ಅಂಚು ಉದುರದೆ ನೇರವಾಗಿ ನಿಲ್ಲಬೇಕು. ಉದುರಿದರೆ ನೀರು ಅಥವಾ ಬೆಂಟೊನೈಟ್ ಕಡಿಮೆ. ಅಂಗೈಗೆ ಮೆತ್ತಿದರೆ ನೀರು ಹೆಚ್ಚು, ಆ ನೀರೇ ಆವಿಯಾಗಿ ಎರಕದೊಳಗೆ ಗುಳ್ಳೆಯ ತೂತಾಗುತ್ತದೆ. ಹಿಂದಿನ ಪಾಳಿಯ ಬಿಸಿ ಮರಳನ್ನು ಆರಿಸದೆ ಮತ್ತೆ ಬಳಸುವುದು ಇನ್ನೊಂದು ದೊಡ್ಡ ತಪ್ಪು. ತಣ್ಣನೆಯ ಪ್ಯಾಟರ್ನಿನ ಮೇಲೆ ಅದರ ಹಬೆ ಕಟ್ಟಿ ಮರಳು ಅಂಟಿಕೊಳ್ಳುತ್ತದೆ, ಅಚ್ಚಿನ ಮುಖ ಕಿತ್ತುಬರುತ್ತದೆ.

ಪ್ಯಾಟರ್ನಿನ ಸುತ್ತ ಜರಡಿ ಹಿಡಿದ ನುಣುಪು ಮರಳನ್ನು ಮೊದಲು ಬೆರಳಿನಿಂದ ಒತ್ತಿ, ಬಳಿಕ ಪದರ ಪದರವಾಗಿ ಬಡಿಯಬೇಕು. ಸಡಿಲವಾದರೆ ಬೀಡಿನ ಭಾರಕ್ಕೆ ಅಚ್ಚು ಉಬ್ಬುತ್ತದೆ, ಅತಿ ಬಿಗಿಯಾದರೆ ಗಾಳಿ ಹೊರಹೋಗದು. ಆದ್ದರಿಂದ ಸೂಜಿಯಿಂದ ತೂತು ಚುಚ್ಚಬೇಕು. ಪುಲ್ಲಿಯ ನಡುವಿನ ರಂಧ್ರಕ್ಕೆ ಕೋರ್, ಅಂದರೆ ಅಚ್ಚಿನೊಳಗೆ ಇಡುವ ಗಟ್ಟಿ ಮರಳಿನ ತುಂಡು ಬೇಕು. ಬ್ರಿಟನ್ನಿನ ಎರಕಮನೆಗಳಲ್ಲಿ ಕೋರ್ ಕಟ್ಟುವ ಕೆಲಸದಲ್ಲಿ ಹೆಂಗಸರು ಎರಡೂ ಯುದ್ಧಗಳಲ್ಲಿ ದುಡಿದಿದ್ದಾರೆ. ಅಗಸೆ ಎಣ್ಣೆ ಬೆರೆಸಿದ ಮರಳನ್ನು ಒಲೆಯಲ್ಲಿ ಸುಟ್ಟು ಗಟ್ಟಿಮಾಡುವ ಆ ಸೂಕ್ಷ್ಮ ಕೆಲಸಕ್ಕೆ ಸಿಗಬೇಕಾದ ಗೌರವ ಅವರಿಗೆ ಸಿಗಲಿಲ್ಲವೆಂಬುದು ನನ್ನ ಭಾವನೆ.

ಅಚ್ಚನ್ನು ಎರಡು ಪೆಟ್ಟಿಗೆಗಳಲ್ಲಿ ಕಟ್ಟಿ, ಪ್ಯಾಟರ್ನ್ ತೆಗೆದು, ಒಂದರ ಮೇಲೊಂದು ಇಡುತ್ತೇವೆ. ಮೇಲ್ಪೆಟ್ಟಿಗೆಯ ಮೇಲೆ ಎಷ್ಟು ಭಾರ ಇಡಬೇಕೆಂದು ಕೇಳಿದರೆ ಅನೇಕರು 'ಸಾಕಷ್ಟು' ಎಂದುಬಿಡುತ್ತಾರೆ. ಲೆಕ್ಕ ಕಷ್ಟದ್ದಲ್ಲ. 30 ಸೆ.ಮೀ. ವ್ಯಾಸದ ಮುಖದ ವಿಸ್ತೀರ್ಣ ಸುಮಾರು 707 ಚದರ ಸೆ.ಮೀ.; ಅಚ್ಚಿನ ಮೇಲ್ಮುಖದಿಂದ ಬೀಡು ಸುರಿಯುವ ಬಾಯಿಯವರೆಗಿನ ಎತ್ತರ 15 ಸೆ.ಮೀ.; ಕರಗಿದ ಬೀಡು ಒಂದು ಘನ ಸೆ.ಮೀ.ಗೆ ಸುಮಾರು 7 ಗ್ರಾಂ. ಮೂರನ್ನೂ ಗುಣಿಸಿದರೆ 74 ಕಿಲೋ. ಇಷ್ಟು ಬಲ ಮೇಲ್ಪೆಟ್ಟಿಗೆಯನ್ನು ಎತ್ತುತ್ತದೆ, ಕೋರ್ ತೇಲುವ ಬಲ ಬೇರೆ. ಪೆಟ್ಟಿಗೆಯ ತೂಕವೂ ಸೇರಿ 110 ಕಿಲೋ ಇರಲಿ. ಕಡಿಮೆಯಾದರೆ ಎರಡು ಪೆಟ್ಟಿಗೆಗಳ ನಡುವಿನಿಂದ ಬೀಡು ಹರಿದು ಹತ್ತಿರ ನಿಂತವರ ಕಾಲಿಗೆ ಬರುತ್ತದೆ.

ಹೊಯ್ಯುವಾಗ ನೀರೇ ಶತ್ರು. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಚಿಕ್ಕ ವಯಸ್ಸಿನಲ್ಲಿ ನಾನಿದ್ದ ಒಂದು ಎರಕಮನೆಯಲ್ಲಿ ಬೆಳಿಗ್ಗೆ ಒಳಮೈಗೆ ಹೊಸ ಮಣ್ಣು ಮೆತ್ತಿದ ಲ್ಯಾಡಲ್ಲನ್ನು ಮೇಲ್ಮೈಯಷ್ಟೇ ಒಣಗಿಸಿ ಸಂಜೆ ಬಳಸಿದರು. ಬೀಡು ಬುಗ್ಗೆಯಂತೆ ಚಿಮ್ಮಿ ನನ್ನ ಜೊತೆಗಾರನ ಪಾದ ಸುಟ್ಟಿತು. ಲ್ಯಾಡಲ್ಲಿನ ಒಳಮೈ ಕೆಂಪಾಗುವವರೆಗೆ ಕಾಯಿಸಿಯೇ ಬಳಸಿರಿ. ಕಾಂಕ್ರೀಟ್ ನೆಲ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಣ ಮರಳು ಹಾಸಿದ ನೆಲದ ಮೇಲೆಯೇ ನಿಂತು ಹೊಯ್ಯಿರಿ. ದಪ್ಪ ಹತ್ತಿ ಅಥವಾ ಚರ್ಮದ ಉಡುಪು ಬೇಕು, ನೈಲಾನ್ ಮೈಗೆ ಕರಗಿ ಅಂಟುತ್ತದೆ. ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ. ಬೀಡು 1,350 ಡಿಗ್ರಿ ಸೆಲ್ಸಿಯಸ್ ಸುಮಾರಿಗಿರುವಾಗ ಕಿಟ್ಟ ತೆಗೆದು, ಸುರಿಯುವ ಬಾಯಿ ಕೊನೆಯವರೆಗೂ ತುಂಬಿರುವಂತೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ನಡುವೆ ನಿಲ್ಲಿಸಿದರೆ ಎರಡು ಧಾರೆಗಳು ಬೆಸೆಯದೆ ಗೆರೆ ಉಳಿಯುತ್ತದೆ.

ಇಷ್ಟನ್ನೂ ಹೊಸಬನಿಗೆ ಒಂದೇ ದಿನ ಹೇಳಿದರೆ ತಲೆಗೆ ಹತ್ತುವುದಿಲ್ಲ. ಅಮೆರಿಕದಲ್ಲಿ 1940ರಲ್ಲಿ ಆರಂಭವಾದ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಯೋಜನೆ ಮೇಸ್ತ್ರಿಗಳಿಗೆ ನಾಲ್ಕು ಹೆಜ್ಜೆ ಹೇಳಿಕೊಟ್ಟಿತು: ಕಲಿಯುವವನ ಹೆದರಿಕೆ ಕಳೆದು ಅವನಿಗೆ ಏನು ಗೊತ್ತಿದೆಯೆಂದು ಕೇಳುವುದು, ಒಂದೊಂದೇ ಹಂತವನ್ನು ಕಾರಣಸಹಿತ ಮಾಡಿ ತೋರಿಸುವುದು, ಅವನಿಂದ ಮಾಡಿಸಿ, ಮಾಡುತ್ತಲೇ ವಿವರಿಸುವಂತೆ ಹೇಳುವುದು, ಆಮೇಲೆ ಆಗಾಗ ಬಂದು ನೋಡುವುದು. ಮೂರನೆಯದನ್ನು ನಮ್ಮಲ್ಲಿ ಬಿಟ್ಟೇಬಿಡುತ್ತಾರೆ. ಒಂದು ವಾರ ಮರಳಿನ ಪರೀಕ್ಷೆಯನ್ನಷ್ಟೇ ಕೊಟ್ಟು, ಅದು ಕೈಗೆ ಕೂತ ಮೇಲೆ ರ‍್ಯಾಮರ್ ಕೊಡಿರಿ. ದುಡಿಮೆಯ ಅವಧಿಯ ಬಗ್ಗೆಯೂ ಒಂದು ಮಾತು. 1915ರಲ್ಲಿ ಬ್ರಿಟನ್ ನೇಮಿಸಿದ ಮದ್ದುಗುಂಡು ಕಾರ್ಮಿಕರ ಆರೋಗ್ಯ ಸಮಿತಿಯ ಕೆಲಸದಿಂದ, ಅತಿ ದೀರ್ಘ ಪಾಳಿಗಳನ್ನು ಕಡಿಮೆ ಮಾಡಿದರೆ ಉತ್ಪಾದನೆ ಕುಗ್ಗಬೇಕಿಲ್ಲ, ಹೆಚ್ಚಲೂಬಹುದು ಎಂಬುದು ಕಂಡುಬಂತು. ದಣಿದ ಕೈಗೆ ಲ್ಯಾಡಲ್ ಕೊಡಬೇಡಿರಿ.

ಹೊಯ್ದ ಪುಲ್ಲಿಯ ಕೆಂಪು ಪೂರ್ತಿ ಆರುವ ಮೊದಲು ಅಚ್ಚು ಒಡೆದರೆ ತೆಳ್ಳನೆಯ ಕಡ್ಡಿಗಳು ಅಂಚಿಗಿಂತ ಬೇಗ ತಣಿದು ಬಿರುಕು ಬಿಡುತ್ತವೆ. ಒಡೆಯುವಾಗ ಮೂಗಿಗೆ ಸರಿಯಾದ ಮಾಸ್ಕ್ ಇರಲಿ. ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧವಿಲ್ಲ. ಎರಕ ಕೆಟ್ಟಿದ್ದರೆ ಕೂಡಲೇ ಭಟ್ಟಿಗೆ ಎಸೆಯದೆ, ಗುಳ್ಳೆಯೋ ಬಿರುಕೋ ಬೆಸೆಯದ ಗೆರೆಯೋ ಎಂದು ಸೀಮೆಸುಣ್ಣದಿಂದ ಅದರ ಮೇಲೆಯೇ ಬರೆದು, ದಿನಾಂಕ ಹಾಕಿ, ಆ ದಿನ ಮರಳಿಗೆ ಬೆರೆಸಿದ ನೀರಿನ ಅಳತೆಯನ್ನೂ ನಮೂದಿಸಿ, ಮರುದಿನದ ಪಾಳಿಯವರು ನೋಡುವಂತೆ ಬಾಗಿಲ ಬಳಿ ಇಡಿರಿ.