ಫೆಂಡರ್ ಬಿಚ್ಚಲು ಬಾರದಿದ್ದರೆ ಬಾಗಿಲ ಸಂದಿ ನೋಡಿ

ಬಣ್ಣ ಹೊಡೆಸಲೆಂದು ಕಾರಿನ ಎಡ ಮುಂಭಾಗದ ಫೆಂಡರನ್ನು (ಮುಂಚಕ್ರದ ಮೇಲಿನ ಹೊರ ಹೊದಿಕೆ) ಬಳ್ಳಾರಿಯ ಮನೆಯಂಗಳದಲ್ಲೇ ಬಿಚ್ಚಲು ಕುಳಿತೆ. ಬಂಪರ್, ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್, ಬಾನೆಟ್ ಅಂಚಿನ ಬೋಲ್ಟ್‌ಗಳು, ಎಲ್ಲ ತೆಗೆದರೂ ಫೆಂಡರಿನ ಹಿಂಬದಿ ಅಲುಗಲಿಲ್ಲ.

ಜಗ್ಗಿದೆ, ಬರಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ, ಫಲವಿಲ್ಲ. ಸ್ಕ್ರೂಡ್ರೈವರ್‌ನಿಂದ ಮೀಟಿದಾಗ ಅಂಚು ಸೊಟ್ಟಗಾಯಿತು. ದಯವಿಟ್ಟು ಮೀಟಬೇಡಿ.

ಹಿಡಿದಿಟ್ಟಿದ್ದು ಎರಡು ಬೋಲ್ಟ್‌ಗಳು. ಮುಂಬಾಗಿಲನ್ನು ಪೂರ್ತಿ ತೆರೆದು ಕೀಲಿನ ಸಂದಿಗೆ ಟಾರ್ಚ್ ಹಿಡಿಯಿರಿ. ಮೇಲಿನ ಕೀಲಿನ ಹತ್ತಿರ ಒಂದು ಕಾಣುತ್ತದೆ. ಇನ್ನೊಂದು ಫೆಂಡರಿನ ಕೆಳತುದಿಯಲ್ಲಿ, ಚಕ್ರದ ಹಿಂದೆ. ನನ್ನದರಲ್ಲಿ ಕೆಂಧೂಳು ಸಿಮೆಂಟಿನಂತೆ ಮೆತ್ತಿ ಅದರ ತಲೆಯೇ ಮುಚ್ಚಿಹೋಗಿತ್ತು. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಕೆರೆದ ಮೇಲೆಯೇ 10 ಎಂಎಂ ಸಾಕೆಟ್ ಕಚ್ಚಿತು. ಸಂದಿಯ ಬೋಲ್ಟ್‌ಗೆ ಸಾಕೆಟ್ ಜೊತೆ ಉದ್ದನೆಯ ಎಕ್ಸ್‌ಟೆನ್ಷನ್ ಸರಳು ಬೇಕು. ಫೆಂಡರಿನಲ್ಲಿ ಇಂಡಿಕೇಟರ್ ಇದ್ದರೆ ಎಳೆಯುವ ಮೊದಲು ಅದರ ವೈರ್ ಬಿಡಿಸಿ.

ಮರಳಿ ಕೂರಿಸುವಾಗ ಎಲ್ಲ ಬೋಲ್ಟ್‌ಗಳನ್ನು ಬೆರಳಿನಿಂದಷ್ಟೇ ತಿರುಗಿಸಿ ಸಡಿಲವಾಗಿಡಿ. ಬಾಗಿಲನ್ನೂ ಬಾನೆಟ್ಟನ್ನೂ ನಿಧಾನವಾಗಿ ಮುಚ್ಚಿ, ಸಂದಿ ಉದ್ದಕ್ಕೂ ಸಮನಾಗಿದೆಯೇ ನೋಡಿ. ಮೊದಲು ಬಾಗಿಲ ಸಂದಿಯದು, ನಂತರ ಕೆಳಗಿನದು, ಕೊನೆಗೆ ಬಾನೆಟ್ ಅಂಚಿನವು: ಈ ಕ್ರಮದಲ್ಲಿ ಬಿಗಿ ಮಾಡಿದಾಗ ಬಾಗಿಲು ಹೊಸ ಬಣ್ಣಕ್ಕೆ ತಾಗಲಿಲ್ಲ.