ಹೆಸರು ಬರೆದ ಪುಸ್ತಕಕ್ಕೇ ಜಾಸ್ತಿ ದುಡ್ಡು: ನನ್ನ ಅನುಭವ

ನಾನು ಹಳೆ ಪುಸ್ತಕದ ವ್ಯಾಪಾರಕ್ಕೆ ಇಳಿದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಿರಿಯ ವ್ಯಾಪಾರಿಗಳು ಹೇಳಿದ್ದು ಒಂದೇ ಮಾತು. ಲೇಖಕರು ‘ಇಂಥವರಿಗೆ ಪ್ರೀತಿಯಿಂದ’ ಅಂತ ಬರೆದುಕೊಟ್ಟಿದ್ದರೆ ಮುಟ್ಟಬೇಡ, ಇನ್ನೊಬ್ಬರ ಹೆಸರಿರೋ ಪುಸ್ತಕ ಯಾರಿಗೂ ಬೇಡ, ಬರೀ ಸಹಿ ಇದ್ದರೆ ತಗೋ. ಕನ್ನಡ ಪುಸ್ತಕಕ್ಕೆ ಸಾವಿರದ ಮೇಲೆ ಯಾರಪ್ಪ ಕೊಡ್ತಾರೆ ಅಂತ ನಗು ಬೇರೆ. ನಾನು ಉಲ್ಟಾ ಹೋದೆ. ಹೆಸರು ಬರೆದಿರುವುದನ್ನೇ ಹುಡುಕಿ ಹುಡುಕಿ ಕೊಂಡೆ. ನಕ್ಕವರಲ್ಲಿ ಇಬ್ಬರು ಈಗ ಅಂಥದ್ದು ಸಿಕ್ಕರೆ ಮೊದಲು ನನಗೇ ಫೋನ್ ಮಾಡುತ್ತಾರೆ.

ಬರೀ ಸಹಿ ಯಾವುದೋ ಸಮಾರಂಭದಲ್ಲಿ ಸಾಲು ನಿಂತವರಿಗೆಲ್ಲ ಹಾಕಿದ್ದಿರಬಹುದು. ಶಿವರಾಮ ಕಾರಂತರು ಹುಟ್ಟಿದ್ದು 1902, ತೀರಿಕೊಂಡಿದ್ದು 1997. ಊರೂರು ಸುತ್ತಿದವರು. ಅವರ ಸಹಿ ಹುಡುಕಿದರೆ ಸಿಗುತ್ತದೆ. ತ್ರಿವೇಣಿಯವರು 1963ರಲ್ಲಿ ಹೋದಾಗ 35 ಕೂಡ ತುಂಬಿರಲಿಲ್ಲ. ಅವರ ಸಹಿ ಇರುವ ಪ್ರತಿ ಇನ್ನೂ ನನ್ನ ಕೈಗೆ ಬಂದಿಲ್ಲ, ಬಂದರೆ ಮಾರುವುದೂ ಇಲ್ಲ. ಇನ್ನು ಹೆಸರು, ಊರು, ತಾರೀಖು ಮೂರೂ ಇದ್ದರೆ ಅಂಥ ಪ್ರತಿ ಇನ್ನೊಂದಿಲ್ಲ. ಪುಸ್ತಕ ಪಡೆದವರು ಆ ಲೇಖಕರ ಮೇಷ್ಟ್ರೋ, ಅಚ್ಚು ಹಾಕಿದವರೋ ಆಗಿದ್ದರಂತೂ ಕೇಳೋದೇ ಬೇಡ.

ಮೊದಮೊದಲು ದುಡ್ಡು ಹೋಗಿದ್ದೇ ಜಾಸ್ತಿ. ಮಲೆನಾಡಿನ ಒಂದು ಮನೆ ಖಾಲಿ ಮಾಡುವಾಗ 18,000ದ ಹತ್ತಿರ ಕೊಟ್ಟು ಚೀಲಗಟ್ಟಲೆ ತಂದೆ. ಮುಕ್ಕಾಲು ಪಾಲು ಬೂಷ್ಟು ಹಿಡಿದಿತ್ತು, ರದ್ದಿಗೆ ಹೋಯಿತು. ಉಳಿದುದರಲ್ಲಿ ಒಂದು ಒಳ್ಳೆ ಪ್ರತಿ ಇತ್ತು. ಆದರೆ ಹಿಂದೆ ಯಾವನೋ ಬೈಂಡರ್ ಅದಕ್ಕೆ ರೆಕ್ಸಿನ್ ಹಾಕಿ, ಮೂರೂ ಅಂಚು ನೀಟಾಗಿ ಕತ್ತರಿಸಿದ್ದ. ಬರೆದಿದ್ದ ತಾರೀಖು, ಸಹಿಯ ಕೊನೆಯ ಅಕ್ಷರ, ಎರಡೂ ಕತ್ತರಿಗೆ ಹೋಗಿದ್ದವು. 6,000 ಬರಬೇಕಾದದ್ದು 700ಕ್ಕೆ ಹೋಯಿತು. ಮೂಲ ರಟ್ಟು ಹರಿದು ನೇತಾಡುತ್ತಿದ್ದರೂ ಸರಿ, ಹಾಗೇ ಬಿಡಿ. ಇನ್ನೊಂದು ಪುಸ್ತಕ ಕೊರಿಯರ್‌ನಲ್ಲಿ ನೆನೆದು ವಾಪಸ್ ಬಂತು. ಪೂರ್ತಿ ದುಡ್ಡು ಹಿಂದೆ ಕೊಟ್ಟೆ.

ಕೊನೆಗೆ ಕೈ ಹಿಡಿದಿದ್ದು ಒಂದು ತೆಳು ಕವನ ಸಂಕಲನ. ಕವಿಯ ಹೆಸರು ಬೇಡ, ಕೊಂಡವರಿಗೆ ಇಷ್ಟವಿಲ್ಲ. ನಾನು ಕೊಟ್ಟಿದ್ದು 400. ಒಳಪುಟದಲ್ಲಿ ಒಬ್ಬ ಹೈಸ್ಕೂಲು ಮೇಷ್ಟ್ರ ಹೆಸರು, ಊರು, 1950ರ ದಶಕದ ತಾರೀಖು, ನೀಲಿ ಶಾಯಿ. ಮೇಷ್ಟ್ರ ಮೊಮ್ಮಗನನ್ನು ಹುಡುಕಿದೆ. ಕವಿ, ಮೇಷ್ಟ್ರು ಒಟ್ಟಿಗೆ ಕೂತ ಫೋಟೋದ ಪ್ರತಿ ಸಿಕ್ಕಿತು. ಇಬ್ಬರ ನಂಟಿನ ಬಗ್ಗೆ ಮೊಮ್ಮಗ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಕೊಂಡೆ. ಮೂರನ್ನೂ ಸೇರಿಸಿ ಮಾರಿದ್ದು 14,000–15,000ಕ್ಕೆ. ಅಲ್ಲಿಂದ ಇದೇ ದಾರಿ. ಮೊಮ್ಮಗನನ್ನು ಪತ್ತೆ ಹಚ್ಚಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ, ನನ್ನ ಊಟ ಇರೋದೇ ಅದರಲ್ಲಿ.

ಸಹಿ ಸಾಚಾ ಆದರೆ ಸಾಲದು, ಮುದ್ರಣವೂ ಸಾಚಾ ಇರಬೇಕು. ‘ಮಂಕುತಿಮ್ಮನ ಕಗ್ಗ’ದ ಮೊದಲ ಮುದ್ರಣ, 1943, ಅಂತ ಒಬ್ಬರು ತಂದರು. ಬೆಲೆ ನಯೇ ಪೈಸೆಯಲ್ಲಿತ್ತು! ಆಣೆ ಹೋಗಿ ನಯೇ ಪೈಸೆ ಬಂದಿದ್ದೇ 1957ರಲ್ಲಿ. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಕಂಡರೆ ಅದು 1972ಕ್ಕಿಂತ ಹಿಂದಿನದಲ್ಲ. 1940ರ ತಾರೀಖು ಹಾಕಿ ಬಾಲ್‌ಪೆನ್ನಲ್ಲಿ ಸಹಿ ಇದ್ದರೆ ನಮಸ್ಕಾರ ಹೇಳಿ ಕಳಿಸಿ. ಕಿಟೆಲ್ ನಿಘಂಟಿಗೆ ಬೆರಳು ಸಾಕು. 1894ರ ಮಂಗಳೂರಿನ ಪ್ರತಿಯಲ್ಲಿ ಹಾಳೆಯ ಹಿಂಬದಿ ಸವರಿದರೆ ಅಚ್ಚುಮೊಳೆ ಒತ್ತಿದ್ದು ತಿಳಿಯುತ್ತದೆ. ಹಳೆ ಪುಟಗಳ ಚಿತ್ರ ತೆಗೆದು ಆಫ್‌ಸೆಟ್‌ನಲ್ಲಿ ಹಾಕಿದ ಮರುಮುದ್ರಣ ನುಣ್ಣಗಿರುತ್ತದೆ.

ಖೋಟಾ ನೋಟು ಪತ್ತೆಗೆ ಬಳಸುವ ನೇರಳಾತೀತ (ಯುವಿ) ಟಾರ್ಚ್ ಒಂದು ತಂದೆ, 300 ಚಿಲ್ಲರೆ. ಕತ್ತಲೆ ಕೋಣೆಯಲ್ಲಿ ಪುಟಕ್ಕೆ ಹಿಡಿದರೆ ಈಚಿನ ಬಿಳಿ ಕಾಗದ ಸಾಮಾನ್ಯವಾಗಿ ನೀಲಿಯಾಗಿ ಹೊಳೆಯುತ್ತದೆ, 1950ಕ್ಕೆ ಮುಂಚಿನದು ಮಂಕಾಗೇ ಇರುತ್ತದೆ. ಜೆರಾಕ್ಸ್ ಮಾಡಿ ಸೇರಿಸಿದ ಪುಟ ಹೀಗೇ ಸಿಕ್ಕಿಬಿತ್ತು. ಹುಳಕ್ಕೆ ಬಜೆ ಬೇರು ಕಟ್ಟಿಟ್ಟು ನೋಡಿದೆ. ಹೊಸ ಹುಳ ಬರಲಿಲ್ಲ ನಿಜ, ಒಳಗಿದ್ದದ್ದು ಸಾಯಲಿಲ್ಲ. ಅದಕ್ಕೆ ಫ್ರೀಜರ್ರೇ ಸರಿ. ಗಾಳಿಯಾಡದ ಹಾಗೆ ಪ್ಲಾಸ್ಟಿಕ್ ಸುತ್ತಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಬಿಚ್ಚಬೇಡಿ, ಇಲ್ಲದಿದ್ದರೆ ಹಾಳೆ ಮೇಲೆ ನೀರು ಕೂರುತ್ತದೆ. ಮನೆಯವಳು ಬೈದ ಮೇಲೆ ಇದಕ್ಕೆಂದೇ ಸೆಕೆಂಡ್ ಹ್ಯಾಂಡ್ ಫ್ರೀಜರ್ ಕೊಂಡೆ. ಬೂಷ್ಟು ವಾಸನೆ ತೆಗೆಯುವುದಕ್ಕೂ ಒಂದು ದಾರಿ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪುಸ್ತಕದೊಳಗೆ ಪತ್ರ ಸಿಕ್ಕರೆ ಬೆಲೆ ಒಂದೇ ಸಲಕ್ಕೆ ದುಪ್ಪಟ್ಟು. ಆದರೆ ಗಮನ ಇರಲಿ: ಸಾಹಿತ್ಯದ, ಇತಿಹಾಸದ ಮಹತ್ವ ಇರುವ ಬರಹಕ್ಕೆ 75 ವರ್ಷ ಆಗಿದ್ದರೆ, 1972ರ ಕಾಯ್ದೆ ಪ್ರಕಾರ ಅದು ಪ್ರಾಚ್ಯವಸ್ತು. ನಾವು ನೀವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಹೋದ ವರ್ಷ ಅಮೆರಿಕದ ಕನ್ನಡಿಗರೊಬ್ಬರು 1960ರ ದಶಕದ ಒಂದು ಪ್ರತಿ, ಅದರೊಳಗಿದ್ದ 1940ರ ದಶಕದ ಪತ್ರ, ಎರಡಕ್ಕೂ ಸೇರಿಸಿ 22,000 ಕೊಟ್ಟರು. ಪುಸ್ತಕ ವಿಮಾನ ಹತ್ತಿತು. ಪತ್ರವನ್ನು ಜಯನಗರದಲ್ಲಿರುವ ಅವರ ತಂಗಿ ಬಂದು ತಗೊಂಡು ಹೋದರು.